ಕಳೆದುಹೋದ ತುಣುಕಿನಲ್ಲಿ ಏನಿತ್ತು? ರಕ್ತ ಕ್ಯಾನ್ಸರ್ ಮತ್ತು ಮೈಕ್ರೋಆರ್‌ಎನ್‌ಎ

ರಾತ್ರಿ ಹನ್ನೊಂದು ದಾಟಿತ್ತು. ಸೋದರಮಾವನ ಮಗಳು ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ್ದಳು. ಅದರ ಹಿಂದೆಯೇ ಒಂದು ಮೆಸೇಜು: 'ಬಾವಾ, ಇದರಲ್ಲಿ ಡಿಲೀಶನ್ ಅಂತಿದೆ. ಅಪ್ಪನಿಗೆ ಇನ್ನೆಷ್ಟು ದಿನ ಅಂತ ಅರ್ಥ?'

ಮಾವ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ವಿಪರೀತ ಹೆಚ್ಚಿತ್ತು. ಜ್ವರ ಇಲ್ಲ, ಸುಸ್ತಿಲ್ಲ, ದಿನಾ ತೋಟಕ್ಕೆ ಸೈಕಲ್ ತುಳಿಯುವ ಮನುಷ್ಯ. ಇನ್ನೆರಡು ಪರೀಕ್ಷೆ ಆಗುವ ಹೊತ್ತಿಗೆ ಹೆಸರು ಗೊತ್ತಾಯಿತು: ಕ್ರಾನಿಕ್ ಲಿಂಫೋಸೈಟಿಕ್ ಲುಕೇಮಿಯಾ, ಚಿಕ್ಕದಾಗಿ ಸಿಎಲ್‌ಎಲ್. ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರ್. ನಮ್ಮ ಕುಟುಂಬದಲ್ಲಿ ಇಂಜಿನಿಯರಿಂಗ್ ಓದಿದವನು ನಾನೊಬ್ಬನೇ ಆದ್ದರಿಂದ ಮಿಕ್ಸಿ ಕೆಟ್ಟರೂ, ಆಧಾರ್ ಲಿಂಕ್ ಆಗದಿದ್ದರೂ, ಮೆಡಿಕಲ್ ರಿಪೋರ್ಟ್ ಬಂದರೂ ಫೋನ್ ನನಗೇ ಬರುತ್ತದೆ.

ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು. 13ನೇ ಕ್ರೋಮೋಸೋಮಿನ 13ಕ್ಯೂ14 ಎಂಬ ಜಾಗದಲ್ಲಿ ಒಂದು ತುಣುಕು ಕಾಣೆಯಾಗಿದೆ ಅಂತ. ಆ ಸಾಲನ್ನು ಅರ್ಥ ಮಾಡಿಕೊಳ್ಳಲು ಹೊರಟವನು ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಅಣುವಿನ ಮುಂದೆ ಬಂದು ನಿಂತೆ. ಅದಕ್ಕೆ 2024ರಲ್ಲಿ ನೊಬೆಲ್ ಬಂದಾಗ ನಾನೂ ಎಲ್ಲರಂತೆ ಹೆಡ್‌ಲೈನ್ ಓದಿ ಮುಂದೆ ಹೋಗಿದ್ದೆ. ಈ ಸಲ ಹಾಗೆ ಮಾಡೋಕಾಗಲಿಲ್ಲ.

ಮೊದಲು ಆ ಸಾಲಿನ ಅರ್ಥ

ಫಿಶ್ ಅನ್ನುವುದು ಕ್ರೋಮೋಸೋಮಿನ ನಿರ್ದಿಷ್ಟ ಜಾಗಕ್ಕೆ ಹೊಳೆಯುವ ಬಣ್ಣದ ಗುರುತು ಅಂಟಿಸಿ ನೋಡುವ ಪರೀಕ್ಷೆ. ಪ್ರತಿ ಕ್ರೋಮೋಸೋಮು ಜೋಡಿಯಾಗಿ ಇರೋದರಿಂದ ಎರಡು ಚುಕ್ಕೆ ಕಾಣಬೇಕು. ಒಂದೇ ಕಂಡರೆ ಒಂದು ಕಡೆ ಆ ಭಾಗ ಕಳೆದುಹೋಗಿದೆ ಅಂತ ಅರ್ಥ. ಸಿಎಲ್‌ಎಲ್ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ 13ಕ್ಯೂ14ರಲ್ಲಿ ಹೀಗಾಗಿರುತ್ತದೆ.

2000ನೇ ಇಸವಿಯಲ್ಲಿ ಜರ್ಮನಿಯ ಸಂಶೋಧಕರು 325 ಸಿಎಲ್‌ಎಲ್ ರೋಗಿಗಳ ಅಧ್ಯಯನ ಪ್ರಕಟಿಸಿದರು. ಯಾರ ಕ್ರೋಮೋಸೋಮಿನಲ್ಲಿ ಏನಾಗಿದೆ, ಅವರು ಎಷ್ಟು ಕಾಲ ಬದುಕಿದರು ಎಂಬ ಲೆಕ್ಕ ಅದು. 17ನೇ ಕ್ರೋಮೋಸೋಮಿನ ಒಂದು ಭಾಗ ಕಳಕೊಂಡವರಲ್ಲಿ ಬದುಕಿನ ಮಧ್ಯಮಾಂಕ 32 ತಿಂಗಳು. ಕ್ರೋಮೋಸೋಮಿನಲ್ಲಿ ಯಾವ ದೋಷವೂ ಕಾಣದವರಲ್ಲಿ 111 ತಿಂಗಳು. 13ಕ್ಯೂ ಮಾತ್ರ ಕಳಕೊಂಡವರಲ್ಲಿ 133 ತಿಂಗಳು. ಅಂದರೆ ಹನ್ನೊಂದು ವರ್ಷಕ್ಕೂ ಹೆಚ್ಚು, ಎಲ್ಲ ಗುಂಪುಗಳಿಗಿಂತ ಜಾಸ್ತಿ. ನೆನಪಿಡಿ, ಇದು ಈಗಿನ ಹೊಸ ಔಷಧಗಳು ಬರುವ ಮುಂಚಿನ ಲೆಕ್ಕ.

ಮಾವನ ಮಗಳು ಸಾವಿನ ಚೀಟಿ ಅಂದುಕೊಂಡಿದ್ದ ಸಾಲು ನಿಜವಾಗಿ ಆ ರಿಪೋರ್ಟಿನಲ್ಲಿದ್ದ ಒಳ್ಳೆಯ ಸುದ್ದಿ. ಅವಳ ಇನ್ನೊಂದು ಪ್ರಶ್ನೆ, 'ಹಾಗಾದ್ರೆ ನಮಗೂ ಬರುತ್ತಾ?' ಈ ತುಣುಕು ಕಳೆದದ್ದು ಮಾವ ಹುಟ್ಟಿದ ಮೇಲೆ, ರಕ್ತದ ಯಾವುದೋ ಒಂದು ಜೀವಕೋಶದಲ್ಲಿ. ಅದು ಆ ಕೋಶದ ಸಂತಾನಕ್ಕೆ ಹೋಗುತ್ತದೆಯೇ ಹೊರತು ಮಾವನ ಸಂತಾನಕ್ಕಲ್ಲ. ಸಿಎಲ್‌ಎಲ್ ಇರುವವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಬೇರೆಯವರಿಗಿಂತ ಅಪಾಯ ಹೆಚ್ಚು ಅನ್ನುವುದು ನಿಜ. ಆದರೆ ಕಾಯಿಲೆಯೇ ಅಪರೂಪದ್ದಾದ್ದರಿಂದ ಅವರಲ್ಲೂ ಬಹುಪಾಲು ಜನರಿಗೆ ಅದು ಬರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ತುಣುಕಿನಲ್ಲಿ ಇದ್ದದ್ದಾದರೂ ಏನು?

ಹುಡುಕಿದರೂ ಸಿಗದ ಜೀನ್

ಒಂದು ಕ್ಯಾನ್ಸರ್‌ನಲ್ಲಿ ಒಂದೇ ಜಾಗ ಪದೇ ಪದೇ ಕಳೆದುಹೋಗುತ್ತಿದೆ ಅಂದರೆ ಅಲ್ಲಿ ಕ್ಯಾನ್ಸರನ್ನು ತಡೆಯುವ ಜೀನ್ ಇರಬೇಕು. ಸಂಶೋಧಕರ ಈ ತರ್ಕ ಸರಿಯಾಗೇ ಇತ್ತು. ಹಾಗಾಗಿ ವರ್ಷಗಟ್ಟಲೆ 13ಕ್ಯೂ14ನ್ನು ಜಾಲಾಡಿದರು. ಅಲ್ಲಿದ್ದ ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಯಾವುದೂ ಅಪರಾಧಿಯಾಗಿ ಕಾಣಲಿಲ್ಲ.

ಅವರು ಹುಡುಕುತ್ತಿದ್ದದ್ದು ಪ್ರೋಟೀನ್ ತಯಾರಿಸುವ ಜೀನನ್ನು. ಜೀನ್ ಅಂದರೆ ಪ್ರೋಟೀನಿನ ರೆಸಿಪಿ ಅಂತಲೇ ಪಾಠ ಇತ್ತಲ್ಲ? ಆದರೆ ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನಿಗೆ ನೇರ ಸೂಚನೆ ಕೊಡುವ ಭಾಗ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಉಳಿದದ್ದರಲ್ಲಿ ಬಹಳಷ್ಟನ್ನು ಕೆಲವರು 'ಕಸ' ಅಂತಲೇ ಕರೆಯುತ್ತಿದ್ದರು. ನಾನು ಓದಿದ ಎಲೆಕ್ಟ್ರಾನಿಕ್ಸ್‌ನಲ್ಲಿ ಹೇಳಬೇಕೆಂದರೆ, ಸರ್ಕ್ಯೂಟ್ ಬೋರ್ಡಿನಲ್ಲಿ ದೊಡ್ಡ ಚಿಪ್‌ಗಳನ್ನಷ್ಟೇ ಟೆಸ್ಟ್ ಮಾಡಿ, ಪಕ್ಕದ ಸಣ್ಣ ರೆಸಿಸ್ಟರ್‌ಗಳನ್ನು ನೋಡದೇ ಬಿಟ್ಟ ಹಾಗೆ.

ಹುಳುವಿನಲ್ಲಿ ಸಿಕ್ಕ ಸುಳಿವು

ಅತ್ತ ಅಮೆರಿಕದಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಎಂಬಿಬ್ಬರು ಕ್ಯಾನ್ಸರ್‌ಗೂ ತಮಗೂ ಸಂಬಂಧವೇ ಇಲ್ಲವೇನೋ ಅನ್ನುವಂತೆ ಒಂದು ಮಿಲಿಮೀಟರ್ ಉದ್ದದ ಹುಳುವಿನ ಹಿಂದೆ ಬಿದ್ದಿದ್ದರು. ಸಿ. ಎಲೆಗನ್ಸ್ ಅದರ ಹೆಸರು. ಅದರ ಲಿನ್-4 ಎಂಬ ಜೀನ್ ಕೆಟ್ಟರೆ ಹುಳುವಿನ ಬೆಳವಣಿಗೆಯ ಕ್ರಮವೇ ತಪ್ಪುತ್ತಿತ್ತು. ಲಿನ್-4 ಯಾವ ಪ್ರೋಟೀನ್ ಮಾಡುತ್ತದೆ ಅಂತ ಹುಡುಕಿದ ಆಂಬ್ರೋಸ್ ತಂಡಕ್ಕೆ ಸಿಕ್ಕ ಉತ್ತರ: ಯಾವುದನ್ನೂ ಇಲ್ಲ. ಅದು ಮಾಡುತ್ತಿದ್ದದ್ದು ಬರೀ 22 ಅಕ್ಷರದಷ್ಟು ಉದ್ದದ ಆರ್‌ಎನ್‌ಎ ಚೂರು. ಆ ಚೂರು ಲಿನ್-14 ಎಂಬ ಇನ್ನೊಂದು ಜೀನಿನ ಸಂದೇಶಕ್ಕೆ ಹೋಗಿ ಅಂಟಿಕೊಂಡು ಅದನ್ನು ತಡೆಯುತ್ತಿತ್ತು. 1993ರ ಡಿಸೆಂಬರಿನಲ್ಲಿ 'ಸೆಲ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇಬ್ಬರ ಪ್ರಬಂಧಗಳೂ ಬಂದವು.

ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಹುಳುವಿನ ಒಂದು ವಿಚಿತ್ರ ಅಂತ ಬಿಟ್ಟರು. 2000ದಲ್ಲಿ ರವ್ಕುನ್ ತಂಡ ಲೆಟ್-7 ಎಂಬ ಇನ್ನೊಂದನ್ನು ಕಂಡುಹಿಡಿದು, ಅದು ಮನುಷ್ಯನೂ ಸೇರಿ ಬಹಳ ಪ್ರಾಣಿಗಳಲ್ಲಿದೆ ಅಂತ ತೋರಿಸಿದ ಮೇಲೆ ಎಲ್ಲರ ಕಣ್ಣು ಇತ್ತ ತಿರುಗಿತು. 2001ರಲ್ಲಿ ಈ ಚೂರುಗಳಿಗೆ ಮೈಕ್ರೋಆರ್‌ಎನ್‌ಎ ಎಂಬ ಹೆಸರು ಬಂತು.

ಚೀಟಿ ಹರಿಯುವವರು

ಇದರ ಕೆಲಸವನ್ನು ಮದುವೆ ಮನೆಯ ಅಡುಗೆಗೆ ಹೋಲಿಸಿ ನೋಡಿ. ಡಿಎನ್‌ಎ ಅನ್ನುವುದು ಬೀರುವಿನಲ್ಲಿ ಬೀಗ ಹಾಕಿಟ್ಟ ಅಡುಗೆ ಪುಸ್ತಕ. ಪುಸ್ತಕ ಆಚೆ ಬರುವುದಿಲ್ಲ. ಬೇಕಾದ ಅಡುಗೆಯನ್ನು ಒಂದು ಚೀಟಿಯಲ್ಲಿ ಬರೆದು ಭಟ್ಟರಿಗೆ ಕೊಡುತ್ತಾರೆ. ಆ ಚೀಟಿಯೇ ಮೆಸೆಂಜರ್ ಆರ್‌ಎನ್‌ಎ. ಭಟ್ಟರು ಚೀಟಿ ನೋಡಿ ಮಾಡುವ ಅಡುಗೆಯೇ ಪ್ರೋಟೀನ್. ಒಂದು ಚೀಟಿ ಎಷ್ಟು ಹೊತ್ತು ಭಟ್ಟರ ಕೈಲಿ ಇರುತ್ತದೋ ಅಷ್ಟೂ ಹೊತ್ತು ಅದೇ ಅಡುಗೆ ಬೇಯುತ್ತಿರುತ್ತದೆ. ಮೈಕ್ರೋಆರ್‌ಎನ್‌ಎ ಬಂದು 'ಇಷ್ಟು ಪಾಯಸ ಸಾಕು' ಅಂತ ಚೀಟಿ ಮಡಚುತ್ತದೆ, ಇಲ್ಲವೇ ಹರಿದು ಹಾಕುತ್ತದೆ.

ಇದೂ ಡಿಎನ್‌ಎಯಿಂದಲೇ ನಕಲಾಗಿ ಬರುತ್ತದೆ. ಮೊದಲು ಹೇರ್‌ಪಿನ್ ಥರ ಮಡಚಿಕೊಂಡ ಉದ್ದನೆಯ ಆರ್‌ಎನ್‌ಎ ಆಗಿರುತ್ತದೆ. ಕೋಶದ ಕೇಂದ್ರದಲ್ಲಿ ಡ್ರೋಶಾ ಎಂಬ ಕಿಣ್ವ ಅದನ್ನು ಸುಮಾರು 70 ಅಕ್ಷರಕ್ಕೆ ಕತ್ತರಿಸುತ್ತದೆ. ಹೊರಗೆ ಬಂದ ಮೇಲೆ ಡೈಸರ್ ಎಂಬ ಇನ್ನೊಂದು ಕಿಣ್ವ ಸುಮಾರು 22 ಅಕ್ಷರಕ್ಕೆ ಇಳಿಸುತ್ತದೆ. ಆಮೇಲೆ ಆರ್ಗೊನಾಟ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ತಕ್ಕ ಚೀಟಿಯನ್ನು ಹುಡುಕುತ್ತದೆ. 2ರಿಂದ 8ನೇ ಅಕ್ಷರದವರೆಗೆ ಹೊಂದಿಕೆಯಾದರೆ ಸಾಮಾನ್ಯವಾಗಿ ಸಾಕು. ಹೊಂದಿಕೆಗೆ ಇಷ್ಟು ಕಡಿಮೆ ಸಾಕಾಗುವುದರಿಂದಲೇ ಒಂದೊಂದು ಮೈಕ್ರೋಆರ್‌ಎನ್‌ಎ ನೂರಾರು ಬಗೆಯ ಚೀಟಿಗಳ ಮೇಲೆ ಕೈಯಾಡಿಸಬಲ್ಲದು. ಮನುಷ್ಯನ ಪ್ರೋಟೀನ್ ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವುಗಳ ಹತೋಟಿಗೆ ಬರುತ್ತವೆ ಎಂಬುದು ಅಂದಾಜು.

ಒಂದು ವಿಷಯ ಗಮನಿಸಿ. ಇದು ಸ್ವಿಚ್ ಅಲ್ಲ, ಫ್ಯಾನಿನ ರೆಗ್ಯುಲೇಟರ್. ಬಹುತೇಕ ಸಲ ಪೂರ್ತಿ ಆರಿಸುವುದಿಲ್ಲ, ನಾಲ್ಕರಿಂದ ಮೂರಕ್ಕೆ ಇಳಿಸುತ್ತದೆ. ಇದರ ಶಕ್ತಿಯೂ ಅದೇ, ಮಿತಿಯೂ ಅದೇ.

2002: ಎರಡು ಕತೆ ಒಂದಾದದ್ದು

ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದಲ್ಲಿ ಕಾರ್ಲೊ ಕ್ರೋಚೆ ಅವರ ಪ್ರಯೋಗಾಲಯವೂ 13ಕ್ಯೂ14ನ್ನು ಹುಡುಕುತ್ತಿತ್ತು. ಅಲ್ಲಿದ್ದ ಜಾರ್ಜ್ ಕಾಲಿನ್ ಮತ್ತು ಸಂಗಡಿಗರು ಎಲ್ಲ ರೋಗಿಗಳಲ್ಲೂ ಸಮಾನವಾಗಿ ಕಳೆದುಹೋಗುವ ಕನಿಷ್ಠ ಭಾಗ ಯಾವುದು ಅಂತ ಕಿರಿದು ಮಾಡುತ್ತಾ ಸುಮಾರು 30 ಸಾವಿರ ಅಕ್ಷರಗಳಿಗೆ ತಂದರು. ಅದರೊಳಗೆ ಎರಡು ಮೈಕ್ರೋಆರ್‌ಎನ್‌ಎಗಳು ಅಕ್ಕಪಕ್ಕ ಕೂತಿದ್ದವು: ಮಿರ್-15ಎ ಮತ್ತು ಮಿರ್-16-1. ಸುಮಾರು 68 ಶೇಕಡಾ ಸಿಎಲ್‌ಎಲ್ ರೋಗಿಗಳಲ್ಲಿ ಇವು ಇರಲೇ ಇಲ್ಲ ಅಥವಾ ಕಮ್ಮಿಯಾಗಿದ್ದವು. ಮೈಕ್ರೋಆರ್‌ಎನ್‌ಎಗೂ ಕ್ಯಾನ್ಸರ್‌ಗೂ ನಂಟಿದೆ ಅಂತ ತೋರಿಸಿದ ಮೊದಲ ಪ್ರಬಂಧ ಇದು.

ಹುಡುಕುತ್ತಿದ್ದ ಜೀನ್ ಎಲ್ಲೂ ಹೋಗಿರಲಿಲ್ಲ. ಯಾರೂ ಅದನ್ನು ಜೀನ್ ಅಂತ ಲೆಕ್ಕಕ್ಕೆ ತಗೊಂಡಿರಲಿಲ್ಲ, ಅಷ್ಟೇ.

ಫ್ಯೂಸಿಗೆ ದಪ್ಪ ತಂತಿ

ಈ ಎರಡು ಇಲ್ಲದಿದ್ದರೆ ಏನಾಗುತ್ತದೆ? 2005ರಲ್ಲಿ ಅದೇ ತಂಡ ಒಂದು ಉತ್ತರ ಕೊಟ್ಟಿತು. ಮಿರ್-15 ಮತ್ತು ಮಿರ್-16 ಮಡಚುವ ಚೀಟಿಗಳಲ್ಲಿ ಬಿಸಿಎಲ್-2 ಎಂಬ ಪ್ರೋಟೀನಿನದ್ದೂ ಒಂದು. ಬಿಸಿಎಲ್-2ರ ಕೆಲಸ ಜೀವಕೋಶ ಸಾಯದಂತೆ ತಡೆಯುವುದು. ಮೆಲ್ಬರ್ನಿನಲ್ಲಿ ಡೇವಿಡ್ ವಾಕ್ಸ್ ಮತ್ತು ಜೊತೆಗಾರರು ಇದನ್ನು 1988ರಲ್ಲೇ ತೋರಿಸಿದ್ದರು.

ಇದನ್ನು ಮಾವನಿಗೆ ಹೇಳಿದಾಗ ನನಗಿಂತ ಚೆನ್ನಾಗಿ ಅವರೇ ವಿವರಿಸಿದರು. 'ಲೋ, ಹಳ್ಳಿಲಿ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಜನ ದಪ್ಪ ತಂತಿ ಸುತ್ತಿಬಿಡ್ತಿದ್ರು. ಆಮೇಲೆ ಫ್ಯೂಸ್ ಹೋಗಲ್ಲ, ಮನೆ ಸುಟ್ಟುಹೋಗುತ್ತೆ. ಹಂಗೇನಾ?'

ಹಂಗೇ. ನಮ್ಮ ದೇಹದಲ್ಲಿ ಹಳೆಯ, ಕೆಟ್ಟ ರಕ್ತಕಣಗಳು ತಾವಾಗೇ ಸಾಯುತ್ತವೆ. ಅದು ಫ್ಯೂಸ್. ಬಿಸಿಎಲ್-2 ಹೆಚ್ಚಾದರೆ ಆ ಫ್ಯೂಸ್ ಕೆಲಸ ಮಾಡುವುದಿಲ್ಲ. ಸಾಯಬೇಕಾದ ಲಿಂಫೋಸೈಟುಗಳು ಸಾಯದೆ ರಕ್ತದಲ್ಲಿ, ಮೂಳೆಮಜ್ಜೆಯಲ್ಲಿ, ಗುಲ್ಮದಲ್ಲಿ ತುಂಬಿಕೊಳ್ಳುತ್ತವೆ. ಮಿರ್-15 ಮತ್ತು 16 ದಪ್ಪ ತಂತಿ ಸುತ್ತದಂತೆ ನೋಡಿಕೊಳ್ಳುತ್ತಿದ್ದ ಲೈನ್‌ಮನ್‌ಗಳು. ಅವರೇ ಇಲ್ಲ ಈಗ.

ಇಲ್ಲೊಂದು ಔಷಧದ ಕತೆಯೂ ಸೇರಿಕೊಳ್ಳುತ್ತದೆ. ವೆನೆಟೋಕ್ಲಾಕ್ಸ್ ಎಂಬ ಮಾತ್ರೆ ನೇರವಾಗಿ ಬಿಸಿಎಲ್-2ಕ್ಕೇ ಹೋಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡುತ್ತದೆ. ಅಂದರೆ ದಪ್ಪ ತಂತಿ ಕೀಳುತ್ತದೆ. 2016ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಿಎಲ್‌ಎಲ್‌ಗೆ ಇದಕ್ಕೆ ಅನುಮತಿ ಸಿಕ್ಕಿತು. ಕೋಶಗಳು ಒಮ್ಮೆಲೇ ಸತ್ತರೆ ಅವುಗಳ ಅವಶೇಷವೇ ಮೂತ್ರಪಿಂಡ, ಹೃದಯಕ್ಕೆ ಅಪಾಯ ತರಬಹುದು. ಅದಕ್ಕೇ 20 ಮಿಲಿಗ್ರಾಂನಿಂದ ಶುರು ಮಾಡಿ ಐದು ವಾರಗಳಲ್ಲಿ 400ಕ್ಕೆ ಏರಿಸುತ್ತಾರೆ.

ಮೈಕ್ರೋಆರ್‌ಎನ್‌ಎ ಸಂಶೋಧನೆಯಿಂದ ಈ ಮಾತ್ರೆ ಬಂತು ಅಂತ ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಬಿಸಿಎಲ್-2 ಮೇಲಿನ ದಶಕಗಳ ಬೇರೆಯದೇ ಕೆಲಸದಿಂದ ಬಂದ ಔಷಧ ಅದು. ಸಿಎಲ್‌ಎಲ್ ಕೋಶಗಳು ಬಿಸಿಎಲ್-2ನ್ನು ಯಾಕಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಅನ್ನುವ ಪ್ರಶ್ನೆಗೆ ಒಂದು ಭಾಗದ ಉತ್ತರ ಕೊಟ್ಟದ್ದು ಮೈಕ್ರೋಆರ್‌ಎನ್‌ಎ.

ಎಲ್ಲರೂ ಬ್ರೇಕ್ ಅಲ್ಲ

ಮೈಕ್ರೋಆರ್‌ಎನ್‌ಎಗಳೆಲ್ಲ ಒಳ್ಳೆಯವು, ಕಳೆದರೆ ಕ್ಯಾನ್ಸರ್ ಅಂದುಕೊಂಡರೆ ತಪ್ಪು. ಮಿರ್-155 ಇದಕ್ಕೆ ಉಲ್ಟಾ. 2006ರಲ್ಲಿ ಇಲಿಗಳ ಬಿ-ಕೋಶಗಳಲ್ಲಿ ಅದನ್ನು ಬೇಕಂತಲೇ ಹೆಚ್ಚಿಸಿದಾಗ ಅವುಗಳಿಗೆ ಲುಕೇಮಿಯಾ, ಲಿಂಫೋಮಾ ಬಂತು. ಮಿರ್-17-92 ಎಂಬ ಗುಂಪು ಹೆಚ್ಚಾದರೂ ಇಲಿಗಳಲ್ಲಿ ಲಿಂಫೋಮಾ ಬೇಗ ಬರುತ್ತದೆ ಅಂತ 2005ರಲ್ಲಿ ಗೊತ್ತಾಗಿತ್ತು. ಒಂದು ಚೀಟಿ ಹರಿಯುವವನು ಬ್ರೇಕಿನ ಚೀಟಿಯನ್ನೇ ಹರಿದರೆ ಗಾಡಿ ಓಡದೇ ಇನ್ನೇನು?

ಲುಕೇಮಿಯಾದ ಬಗೆ ಬದಲಾದಂತೆ ಪಾತ್ರಧಾರಿಗಳೂ ಬದಲಾಗುತ್ತಾರೆ. ವೇಗವಾಗಿ ಬೆಳೆಯುವ ಎಎಂಎಲ್‌ನ ಒಂದು ಬಗೆಯಲ್ಲಿ ಎರಡು ಕ್ರೋಮೋಸೋಮುಗಳು ಅದಲುಬದಲಾಗಿ ಹುಟ್ಟುವ ಪ್ರೋಟೀನು, ರಕ್ತಕಣ ಪಕ್ವವಾಗಲು ಬೇಕಾದ ಮಿರ್-223ರ ಬಾಯಿ ಮುಚ್ಚಿಸುತ್ತದೆ. ಎಎಂಎಲ್‌ನಲ್ಲೇ, ಸಾಮಾನ್ಯ ಕ್ರೋಮೋಸೋಮು ಇರುವ ರೋಗಿಗಳಲ್ಲಿ, ಮಿರ್-181 ಹೆಚ್ಚಿದ್ದವರಿಗೆ ಫಲಿತಾಂಶ ಉತ್ತಮ ಎಂದು 2008ರ ಅಧ್ಯಯನ ತೋರಿಸಿತು. ಸಿಎಂಎಲ್‌ನ ಮೂಲ ಕಾರಣವಾದ ಬಿಸಿಆರ್-ಎಬಿಎಲ್ ಜೀನನ್ನು ಹತೋಟಿಯಲ್ಲಿಡುವ ಮಿರ್-203, ಆ ಕಾಯಿಲೆಯ ಕೋಶಗಳಲ್ಲಿ ಮೌನವಾಗಿರುವುದು ಅದೇ ವರ್ಷ ಕಂಡುಬಂತು. ಹಾಗಾಗಿ 'ಲುಕೇಮಿಯಾದ ಮೈಕ್ರೋಆರ್‌ಎನ್‌ಎ' ಅಂತ ಒಂದೇ ಒಂದು ಇಲ್ಲ.

ಇದನ್ನು ಯಾಕೆ ನಂಬಬೇಕು?

ಪತ್ರಕರ್ತನಾಗಿ ಈ ಪ್ರಶ್ನೆ ಬಿಡೋಕಾಗಲ್ಲ. ಯಾಕಂದರೆ ಕ್ರೋಚೆ ಪ್ರಯೋಗಾಲಯದ ಹಲವು ಪ್ರಬಂಧಗಳ ಚಿತ್ರ, ದತ್ತಾಂಶಗಳ ಬಗ್ಗೆ ಗಂಭೀರ ಆಕ್ಷೇಪ ಬಂದವು. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದರ ಬಗ್ಗೆ ದೊಡ್ಡ ವರದಿ ಮಾಡಿತು. ಕೆಲವು ಪ್ರಬಂಧಗಳು ವಾಪಸಾದವು. ಅವರು ಆಮೇಲೆ ಸೇರಿದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತನಿಖೆ, ಪ್ರಯೋಗಾಲಯದ ಇಬ್ಬರು ಸಂಶೋಧಕರು ತಪ್ಪೆಸಗಿದ್ದಾರೆ ಎಂದಿತು. ಕ್ರೋಚೆ ಸ್ವತಃ ತಪ್ಪೆಸಗಿದ್ದಾರೆ ಎನ್ನಲಿಲ್ಲ, ಆದರೆ ಅವರ ಮೇಲ್ವಿಚಾರಣೆಯನ್ನು ಟೀಕಿಸಿತು.

ಹಾಗಾದರೆ 13ಕ್ಯೂ14 ಕತೆ? ಅದಕ್ಕೆ ಆಧಾರ ಒಂದೇ ಪ್ರಯೋಗಾಲಯವಲ್ಲ. 2010ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರಿಕಾರ್ಡೊ ದಲ್ಲಾ-ಫವೇರಾ ತಂಡ ಇಲಿಗಳಲ್ಲಿ ಮಿರ್-15ಎ ಮತ್ತು 16-1ನ್ನು ತೆಗೆದುಹಾಕಿ ನೋಡಿತು. ಕೆಲವು ಇಲಿಗಳಿಗೆ ಸಿಎಲ್‌ಎಲ್‌ನಂಥದೇ ಕಾಯಿಲೆ ಬಂತು. ಜೊತೆಗೆ ಸುತ್ತಲಿನ ಭಾಗವನ್ನೂ ತೆಗೆದಾಗ ಕಾಯಿಲೆ ಇನ್ನೂ ಜೋರಾಯಿತು. ಮಾತ್ರವಲ್ಲ, ಬಿಸಿಎಲ್-2 ಒಂದೇ ಅಲ್ಲ, ಕೋಶ ಇಬ್ಭಾಗವಾಗುವ ವೇಗವನ್ನು ನಿಯಂತ್ರಿಸುವ ಜೀನ್‌ಗಳೂ ಇದರಲ್ಲಿವೆ ಅಂತ ತಿಳಿಯಿತು. ಮೂಲ ಮಾತು ನಿಂತಿತು, ಕತೆ ಸ್ವಲ್ಪ ಜಟಿಲವಾಯಿತು. ವಿಜ್ಞಾನದಲ್ಲಿ ನಂಬಿಕೆ ಹುಟ್ಟಬೇಕಾದ್ದು ದೊಡ್ಡ ಹೆಸರಿನಿಂದಲ್ಲ, ಬೇರೆಯವರು ಬೇರೆ ಕಡೆ ಮಾಡಿದರೂ ಅದೇ ಉತ್ತರ ಬರುವುದರಿಂದ.

ಹಾಗಾದ್ರೆ ಔಷಧ ಎಲ್ಲಿ?

ಕಳೆದದ್ದು ಮೈಕ್ರೋಆರ್‌ಎನ್‌ಎ ಆದರೆ ಅದನ್ನೇ ಇಂಜೆಕ್ಷನ್ ಕೊಟ್ಟರಾಯಿತಲ್ಲ? ಮಾವನ ಮಗಳು ಕೇಳಿದ್ದೂ ಇದನ್ನೇ. ಪ್ರಯತ್ನ ನಡೆದಿದೆ. ಮಿರ್-34ಎಯ ಕೃತಕ ರೂಪವಾದ ಎಂಆರ್‌ಎಕ್ಸ್34 ಎಂಬ ಔಷಧವನ್ನು 2013ರಿಂದ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿದರು. ತೀವ್ರವಾದ ಪ್ರತಿರಕ್ಷಣಾ ಅಡ್ಡಪರಿಣಾಮಗಳು ಕಂಡು 2016ರಲ್ಲಿ ನಿಲ್ಲಿಸಬೇಕಾಯಿತು. ಹೆಚ್ಚಾದ ಮಿರ್-155ನ್ನು ತಡೆಯಲು ತಯಾರಾದ ಕೋಬೋಮಾರ್ಸೆನ್ ಲಿಂಫೋಮಾ, ಸಿಎಲ್‌ಎಲ್ ರೋಗಿಗಳಲ್ಲಿ ಪರೀಕ್ಷೆಯ ಹಂತಕ್ಕೆ ಬಂತು, ಮಾರುಕಟ್ಟೆಗೆ ಬರಲಿಲ್ಲ.

ತೊಂದರೆ ಎರಡು. ಆರ್‌ಎನ್‌ಎ ರಕ್ತದಲ್ಲಿ ಬೇಗ ಮುರಿಯುತ್ತದೆ, ಅದನ್ನು ಬೇಕಾದ ಕೋಶಕ್ಕೇ ಮುಟ್ಟಿಸುವುದು ಕಷ್ಟ. ಎರಡನೆಯದು, ಒಂದು ಮೈಕ್ರೋಆರ್‌ಎನ್‌ಎ ನೂರಾರು ಚೀಟಿಗಳನ್ನು ಮುಟ್ಟುತ್ತದೆ. ಒಂದನ್ನು ಸರಿಮಾಡಲು ಹೋದರೆ ಇನ್ನೆಲ್ಲೋ ಏನೋ ಅಲುಗಾಡುತ್ತದೆ. ಒಂದೇ ಚೀಟಿಗೆ ಗುರಿಯಿಟ್ಟು ಮಾಡಿದ ಅಣ್ಣತಮ್ಮನಂಥ ತಂತ್ರಜ್ಞಾನ, ಎಸ್‌ಐಆರ್‌ಎನ್‌ಎ, ಗೆದ್ದಿದೆ. ಆ ಬಗೆಯ ಮೊದಲ ಔಷಧ ಪಾಟಿಸಿರಾನ್ 2018ರಲ್ಲಿ ಬಂತು, ಅದೂ ಅಪರೂಪದ ನರದ ಕಾಯಿಲೆಗೆ. ಲುಕೇಮಿಯಾಗೆ ಅನುಮತಿ ಪಡೆದ ಮೈಕ್ರೋಆರ್‌ಎನ್‌ಎ ಔಷಧ ಇದುವರೆಗೆ ಒಂದೂ ಇಲ್ಲ.

ಪರೀಕ್ಷೆಯ ವಿಷಯದಲ್ಲೂ ಎಚ್ಚರ ಬೇಕು. ನೊಬೆಲ್ ಬಂದ ಶಬ್ದಕ್ಕೆ ಮಾರುಕಟ್ಟೆ ಬೇಗ ಹುಟ್ಟುತ್ತದೆ. ಸಿಎಲ್‌ಎಲ್‌ನಲ್ಲಿ ಚಿಕಿತ್ಸೆ ನಿರ್ಧರಿಸಲು ಡಾಕ್ಟರುಗಳು ನೋಡುವುದು ಮುಖ್ಯವಾಗಿ ಮೂರು: 17ನೇ ಕ್ರೋಮೋಸೋಮಿನ ಭಾಗ ಕಳೆದಿದೆಯಾ, ಟಿಪಿ53 ಜೀನ್ ಕೆಟ್ಟಿದೆಯಾ, ಐಜಿಎಚ್‌ವಿ ಜೀನಿನಲ್ಲಿ ಬದಲಾವಣೆ ಆಗಿದೆಯಾ. ಮೈಕ್ರೋಆರ್‌ಎನ್‌ಎ ಮಟ್ಟ ಆ ಪಟ್ಟಿಯಲ್ಲಿಲ್ಲ. ಯಾರಾದರೂ ದುಬಾರಿ ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಿ ಅಂದರೆ ಒಂದೇ ಪ್ರಶ್ನೆ ಕೇಳಿ: 'ಇದರ ಫಲಿತಾಂಶ ಹೀಗೆ ಬಂದರೆ ಒಂದು ಚಿಕಿತ್ಸೆ, ಹಾಗೆ ಬಂದರೆ ಇನ್ನೊಂದಾ?' ಉತ್ತರ ಇಲ್ಲ ಅಂತಾದರೆ ದುಡ್ಡು ಉಳಿಸಿ.

ಕಾಯುವುದೂ ಚಿಕಿತ್ಸೆ

ಮಾವನಿಗೆ ಡಾಕ್ಟರು ಔಷಧ ಬರೆದುಕೊಡಲಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಅಷ್ಟೇ. ಮನೆಯಲ್ಲಿ ಗಲಾಟೆಯೋ ಗಲಾಟೆ. 'ಕ್ಯಾನ್ಸರ್ ಅಂತಾರೆ, ಮಾತ್ರೆ ಕೊಡಲ್ಲ ಅಂದ್ರೆ ಹೆಂಗೆ?' ಅಂತ ಅತ್ತೆ. ಯಾರೋ ನಾಟಿ ಔಷಧದ ವಿಳಾಸ ತಂದರು. ಆದರೆ ಲಕ್ಷಣಗಳಿಲ್ಲದ ಆರಂಭದ ಹಂತದ ಸಿಎಲ್‌ಎಲ್‌ಗೆ ಬೇಗ ಚಿಕಿತ್ಸೆ ಕೊಟ್ಟರೆ ಹೆಚ್ಚು ಕಾಲ ಬದುಕುತ್ತಾರೆ ಅಂತ ತೋರಿಸಲು ನಡೆದ ಅಧ್ಯಯನಗಳಲ್ಲಿ ಅಂಥ ಲಾಭ ಕಂಡಿಲ್ಲ. ಅಡ್ಡಪರಿಣಾಮ ಮಾತ್ರ ಖಾತ್ರಿ. ಹಾಗಾಗಿ ಕಾದು ನೋಡುವುದು ಉದಾಸೀನವಲ್ಲ, ಲೆಕ್ಕ ಹಾಕಿ ಮಾಡಿದ ನಿರ್ಧಾರ. ತೂಕ ಇಳಿದರೆ, ರಾತ್ರಿ ಬೆವತರೆ, ಗಂಟುಗಳು ದೊಡ್ಡದಾದರೆ, ಹಿಮೋಗ್ಲೋಬಿನ್ ಇಲ್ಲವೇ ಪ್ಲೇಟ್‌ಲೆಟ್ ಇಳಿದರೆ ಆಗ ಶುರು ಮಾಡುತ್ತಾರೆ.

ಈ ಮಾತನ್ನು ಆ ದಿನ ರಿಪೋರ್ಟ್ ಕೊಡುವಾಗ ಯಾರಾದರೂ ಐದು ನಿಮಿಷ ಕೂರಿಸಿ ಕನ್ನಡದಲ್ಲಿ ಹೇಳಿದ್ದರೆ ಮಾವನ ಮಗಳು ಒಂದು ವಾರ ನಿದ್ದೆಗೆಡಬೇಕಿರಲಿಲ್ಲ. ಇಷ್ಟು ವರ್ಷ ಹುಡುಕಿ, ಹುಳುವಿನಿಂದ ಮನುಷ್ಯನವರೆಗೆ ಬಂದು ಗಳಿಸಿದ ತಿಳಿವಳಿಕೆ ಕೊನೆಗೆ ರೋಗಿಯ ಕೈಗೆ ಬರೀ 'ಡಿಲೀಶನ್' ಎಂಬ ಒಂದು ಪದವಾಗಿ ಸಿಕ್ಕರೆ, ಕೊನೆಯ ಚೀಟಿಯನ್ನು ನಾವೇ ಹರಿದಂತೆ.

ಕಣ್ಣಿನ ಆಪರೇಷನ್ ಆಯಿತು. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳ ಸಂಖ್ಯೆ ಹಿಂದಿನಷ್ಟೇ ಇತ್ತು. ಮಾವ ಫೋನ್ ಮಾಡಿ, 'ಲೋ, ಫ್ಯೂಸ್ ತಂತಿ ಇನ್ನೂ ಬಿಸಿ ಆಗಿಲ್ಲವಂತೆ. ಮೂರು ತಿಂಗಳು ಬಿಟ್ಟು ನೋಡೋಣ ಅಂದ್ರು' ಅಂತ ಹೇಳಿ ಇಟ್ಟುಬಿಟ್ಟರು. ತೋಟಕ್ಕೆ ನೀರು ಬಿಡೋ ಹೊತ್ತಾಗಿತ್ತಂತೆ.